ಹೂವರ್ ಜೂನಿಯರ್ ರಿಪೇರಿ: ಮೋಟಾರು ತಿರುಗಿತು, ಬೆಲ್ಟು ಮತ್ತು ಕೇಬಲ್ ಬಾಕಿ

ನನ್ನ ಹಳೆಯ ವ್ಯಾಕ್ಯೂಮ್ ಕ್ಲೀನರಿನ (ಧೂಳು ಎಳೆಯುವ ಯಂತ್ರದ) ಮೋಟಾರು ತಿರುಗುತ್ತಿದೆ. ನೇರ ಮೇನ್ಸ್‌ನಲ್ಲಲ್ಲ, ನೂರು ವ್ಯಾಟಿನ ಹಳೇ ಫಿಲಮೆಂಟ್ ಬಲ್ಬೊಂದನ್ನು ಸೀರೀಸ್‌ನಲ್ಲಿ, ಅಂದರೆ ಕರೆಂಟು ಬಲ್ಬನ್ನು ದಾಟಿಯೇ ಮೋಟಾರಿಗೆ ಹೋಗುವಂತೆ, ಹಾಕಿ, ಫ್ಯಾನ್ ಕಳಚಿಟ್ಟು. ಸ್ವಿಚ್ ಒತ್ತಿದಾಗ ಬಲ್ಬು ಒಮ್ಮೆ ಜೋರಾಗಿ ಬೆಳಗಿತು, ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಸುತ್ತು ಹಿಡಿಯುತ್ತಿದ್ದಂತೆ ಮಂಕಾಯಿತು. ಒಳಗೆಲ್ಲಾದರೂ ಶಾರ್ಟ್ ಇದ್ದಿದ್ದರೆ ಅದು ಪೂರ್ತಿ ಉರಿಯುತ್ತಲೇ ಇರುತ್ತಿತ್ತು. ಹಳೆಯ ಯಂತ್ರ ಕೈಗೆ ಸಿಕ್ಕ ಕೂಡಲೇ ಪ್ಲಗ್ ಚುಚ್ಚಿ ನೋಡುವ ಆಸೆ ಯಾರಿಗಾದರೂ ಆಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಬಲ್ಬಿನ ಉಪಾಯ ಎಷ್ಟೋ ವೈಂಡಿಂಗ್‌ಗಳನ್ನು (ಮೋಟಾರಿನ ತಂತಿ ಸುತ್ತುಗಳನ್ನು) ಉಳಿಸಿದೆ.

ಯಂತ್ರ 1950ರ ದಶಕದ ಹೂವರ್ ಜೂನಿಯರ್. ಪಶ್ಚಿಮ ಲಂಡನ್ನಿನ ಪೆರಿವೇಲ್ ಕಾರ್ಖಾನೆಯಲ್ಲಿ ತಯಾರಾದದ್ದು. ನೆಟ್ಟಗೆ ನಿಲ್ಲುವ ಮಾದರಿ: ಹಿಂದೆ ಬಟ್ಟೆಯ ಚೀಲ, ಕೆಳಗೆ ತಿರುಗುವ ಬ್ರಷ್ ರೋಲರ್.

ಹೆಚ್ಚು ಹೊತ್ತು ಹಿಡಿದದ್ದು ಕಮ್ಯುಟೇಟರ್, ಆರ್ಮೇಚರ್‌ಗೆ ಕರೆಂಟು ಮುಟ್ಟಿಸುವ ದುಂಡನೆಯ ಭಾಗ. ತಾಮ್ರದ ಸಣ್ಣ ಪಟ್ಟಿಗಳು, ಎರಡೆರಡರ ನಡುವೆ ಕರೆಂಟು ಹರಿಯದ ಮೈಕಾದ ತೆಳು ಪದರ. ಕಮ್ಯುಟೇಟರ್‌ಗೆ ಒತ್ತಿಕೊಂಡು ಕರೆಂಟು ದಾಟಿಸುವ ಕಾರ್ಬನ್ ಬ್ರಷ್ ಸವೆದು ಬಿದ್ದ ಪುಡಿ ಆ ಸಂದುಗಳಲ್ಲೆಲ್ಲ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಕಾರ್ಬನ್ ಪುಡಿಯಲ್ಲಿ ಕರೆಂಟು ಹರಿಯುವುದರಿಂದ ಪಕ್ಕದ ಪಟ್ಟಿಗೆ ಸೋರುತ್ತದೆ, ಕಿಡಿ ಹಾರುತ್ತದೆ, ತಾಮ್ರ ಸುಟ್ಟು ಕಪ್ಪಾಗುತ್ತದೆ. ಚೂಪು ಮಾಡಿದ ಮರದ ಕಡ್ಡಿಯಿಂದ ಒಂದೊಂದೇ ಸಂದು ಕೆರೆದೆ. ಮೈಕಾ ತಾಮ್ರಕ್ಕಿಂತ ಕೂದಲೆಳೆಯಷ್ಟು ಕೆಳಗಿರಬೇಕು, ಮೇಲೆದ್ದರೆ ಬ್ರಷ್ ಕುಪ್ಪಳಿಸುತ್ತದೆ. ನನ್ನ ಪುಣ್ಯಕ್ಕೆ ಇಲ್ಲಿ ಸರಿಯಾಗಿಯೇ ಇತ್ತು. ಆಮೇಲೆ ನುಣುಪಾದ ಗ್ಲಾಸ್ ಪೇಪರಿನಿಂದ ಹಗುರವಾಗಿ ಒರೆಸಿದೆ. ಎಮೆರಿ ಪೇಪರ್ ಬೇಡ, ಅದರ ಗಡುಸು ಕಣಗಳು ತಾಮ್ರದಲ್ಲಿ ನಾಟಿಕೊಂಡು ಹೊಸ ಬ್ರಷ್ಷನ್ನೂ ತಿಂದುಹಾಕುತ್ತವೆ.

ಹೊಸ ಕಾರ್ಬನ್ ಬ್ರಷ್‌ನ ತುದಿ ಚಪ್ಪಟೆ, ಕಮ್ಯುಟೇಟರ್ ದುಂಡು. ಹಾಗೇ ಕೂರಿಸಿದರೆ ಒಂದು ಗೆರೆಯಷ್ಟೇ ತಾಗುತ್ತದೆ, ಆ ಗೆರೆಯ ಮೇಲೆ ಕರೆಂಟಿನ ಭಾರವೆಲ್ಲ ಬಿದ್ದು ಕಿಡಿಯೇ ಕಿಡಿ. ಕಮ್ಯುಟೇಟರ್‌ಗೆ ಗ್ಲಾಸ್ ಪೇಪರನ್ನು ಒರಟು ಮೈ ಹೊರಗಾಗಿ ಸುತ್ತಿ, ಬ್ರಷ್ ಕೂರಿಸಿ, ಕೈಯಿಂದ ನಿಧಾನವಾಗಿ ತಿರುಗಿಸಿದರೆ ತುದಿ ತಾನಾಗಿ ಬಾಗಿಗೆ ಸವೆಯುತ್ತದೆ. ಹೊರತೆಗೆದು ನೋಡಿದಾಗ ತುದಿಯಿಡೀ ಒಂದೇ ಹೊಳಪಿನ ಬಾಗು. ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ನೋಟ ಅದು.

ಫ್ಯಾನ್ ಬಗ್ಗೆ ಒಂದು ಮಾತು. ಇಂಥ ಹಳೆಯ ಯಂತ್ರಗಳಲ್ಲಿ ಕಸ ನೇರವಾಗಿ ಫ್ಯಾನಿನ ಮೂಲಕವೇ ಹಾದು ಚೀಲ ಸೇರುತ್ತದೆ. ನಾಣ್ಯವೋ ಮೊಳೆಯೋ ಒಳಹೋದರೆ ರೆಕ್ಕೆಗೇ ಏಟು. ನನ್ನದರಲ್ಲಿ ಒಂದು ರೆಕ್ಕೆಯ ಅಂಚು ಚಕ್ಕೆ ಎದ್ದಿದೆ. ಅದನ್ನು ಹಾಗೇ ಬಿಟ್ಟರೆ ಫ್ಯಾನ್ ತೂಕ ತಪ್ಪಿ ನಡುಗಿ ಬೇರಿಂಗ್ ಹಾಳುಮಾಡುತ್ತದೆ. ಸಮತಟ್ಟಾದ ಎರಡು ಅಂಚುಗಳ ಮೇಲೆ ಶಾಫ್ಟ್ ಇಟ್ಟು, ಭಾರದ ಬದಿ ಯಾವುದೆಂದು ನೋಡಿಕೊಂಡು, ಆ ಬದಿಯನ್ನು ಅರದಿಂದ ಚೂರುಚೂರೇ ತೀಡಬೇಕು. ಅರ್ಧ ಮುಗಿದಿದೆ.

ಇಲ್ಲಿಯವರೆಗೆ ಬಿಚ್ಚಿದ್ದರಲ್ಲಿ ಅಂಟು ಹಾಕಿ ಮುಚ್ಚಿದ ಭಾಗ ಒಂದೂ ಸಿಕ್ಕಿಲ್ಲ. ಎಲ್ಲವೂ ಸ್ಕ್ರೂ. ಬ್ರಷ್ ಹೋಲ್ಡರ್, ಸ್ವಿಚ್, ಹಿಡಿಕೆ, ಯಾವುದೂ ಮುರಿಯದೆ ಹೊರಬರುತ್ತದೆ. ಯಾರೋ ಒಬ್ಬರು ಮುಂದೊಂದು ದಿನ ಇದನ್ನು ಬಿಚ್ಚುತ್ತಾರೆ ಎಂದು ಗೊತ್ತಿದ್ದೇ ಕಟ್ಟಿದ ಯಂತ್ರ ಇದು. ಬಿಚ್ಚಿದವರಿಗೆ ಬೇಕಾಗುವ ಬಿಡಿಭಾಗ ಕಾರ್ಖಾನೆಯಿಂದ ಬರುತ್ತದೆ ಎಂಬ ಲೆಕ್ಕವೂ ಅದರಲ್ಲೇ ಸೇರಿತ್ತು. ಆ ಲೆಕ್ಕ ತಪ್ಪಿರುವುದು ಈಗ.

ಪೆರಿವೇಲ್ ಕಟ್ಟಡ ತೆರೆದದ್ದು 1933ರಲ್ಲಿ, ವಾಲಿಸ್ ಗಿಲ್ಬರ್ಟ್ ಸಂಸ್ಥೆಯ ವಿನ್ಯಾಸ, ಆರ್ಟ್ ಡೆಕೊ ಶೈಲಿಯ ಬೆಳ್ಳಗೆ ಹೊಳೆಯುವ ಮುಂಭಾಗ. 1982ರಲ್ಲಿ ಅಲ್ಲಿ ತಯಾರಿಕೆ ನಿಂತಿತು. 1992ರಲ್ಲಿ ಆ ಜಾಗದಲ್ಲಿ ಸೂಪರ್‌ಮಾರ್ಕೆಟ್ ಬಂತು, ಈಚೆಗೆ ಮುಂಭಾಗದ ಕಟ್ಟಡದಲ್ಲಿ ಮನೆಗಳಾಗಿವೆ. ಕಟ್ಟಡಕ್ಕೆ ಪಾರಂಪರಿಕ ರಕ್ಷಣೆ ಸಿಕ್ಕಿದ್ದು ಒಳ್ಳೆಯದೇ. ಆದರೆ ಗೋಡೆಯನ್ನು ಕಾಯಲು ಕಾನೂನಿದೆ, ಒಳಗೆ ನಡೆಯುತ್ತಿದ್ದ ಕೆಲಸವನ್ನು ಕಾಯಲು ಏನೂ ಇರಲಿಲ್ಲ ಎಂಬುದು ನನ್ನನ್ನು ನೋಯಿಸುತ್ತದೆ.

ಒಂದರ ಹಿಂದೊಂದು ಕಾರ್ಖಾನೆಗಳು ಬಾಗಿಲು ಮುಚ್ಚಿದವು. ಹೂವರ್‌ನದೇ ಆದ ಸ್ಕಾಟ್ಲೆಂಡಿನ ಕೇಂಬಸ್‌ಲ್ಯಾಂಗ್‌ನದು 2005ರಲ್ಲಿ. ವೇಲ್ಸ್‌ನ ಮರ್ಥರ್ ಟಿಡ್‌ಫಿಲ್‌ನಲ್ಲಿ 1948ರಿಂದ ಬಟ್ಟೆ ಒಗೆಯುವ ಯಂತ್ರ ಮಾಡುತ್ತಿದ್ದ ಕಾರ್ಖಾನೆ 2009ರಲ್ಲಿ. ಬೇರೆ ಕಂಪನಿಗಳದೂ ಇದೇ ಕಥೆ: ಡೈಸನ್ 2002ರಲ್ಲಿ ಇಂಗ್ಲೆಂಡಿನ ಮಾಮ್ಸ್‌ಬರಿಯಿಂದ ವ್ಯಾಕ್ಯೂಮ್ ಕ್ಲೀನರ್ ತಯಾರಿಕೆಯನ್ನು ಮಲೇಷ್ಯಾಕ್ಕೆ ಒಯ್ದಿತು. ಎಲೆಕ್ಟ್ರೋಲಕ್ಸ್ ಸ್ವೀಡನ್ನಿನ ವೆಸ್ಟರ್ವಿಕ್‌ನ ಕೆಲಸವನ್ನು ಹಂಗರಿಗೆ ಸಾಗಿಸಿತು.

ಅಮೆರಿಕದ ಕಥೆ ಇನ್ನೂ ಉದ್ದ. ಓಹಾಯೋದ ಕ್ಯಾಂಟನ್‌ನಲ್ಲಿ ಅಂಗಡಿಯೊಂದರ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್‌ಗೆ ಉಬ್ಬಸವಿತ್ತು, ಧೂಳು ಆಗುತ್ತಿರಲಿಲ್ಲ. ವಿದ್ಯುತ್ ಫ್ಯಾನು, ಪೆಟ್ಟಿಗೆ, ತಿರುಗುವ ಬ್ರಷ್, ದಿಂಬಿನ ಚೀಲ ಸೇರಿಸಿ ಯಂತ್ರ ಮಾಡಿಕೊಂಡರು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡ ವಿಲಿಯಂ ಹೂವರ್ ಕುದುರೆಗೆ ತೊಡಿಸುವ ಚರ್ಮದ ಸಾಮಾನು ಮಾಡುತ್ತಿದ್ದವರು. ಮೋಟಾರು ಕಾರು ಬಂದು ತಮ್ಮ ಕಸುಬು ಮುಳುಗುತ್ತದೆಂದು ಮೊದಲೇ ಕಂಡು ಹೊಸದಕ್ಕೆ ಹಾರಿದರು. ಚರ್ಮದ ಕೆಲಸದ ಊರು ಹೀಗೆ ವ್ಯಾಕ್ಯೂಮ್ ಕ್ಲೀನರಿನ ಊರಾಯಿತು, ಅದೇ ನಾರ್ತ್ ಕ್ಯಾಂಟನ್. 2007ರಲ್ಲಿ ಅಲ್ಲಿಯ ಕಾರ್ಖಾನೆಯೂ ಮುಚ್ಚಿತು. ಈ ಸಲ ಹಾರಲು ಊರಿನಲ್ಲೇ ಇನ್ನೊಂದು ಕಸುಬು ಕಾದಿರಲಿಲ್ಲ. ಹೂವರ್ ಹೆಸರು ಉಳಿದಿದೆ, ಅದೂ ಎರಡು ಪಾಲಾಗಿ: ಅಮೆರಿಕದ್ದು ಹಾಂಗ್‌ಕಾಂಗಿನ ಟೆಕ್‌ಟ್ರಾನಿಕ್ ಕೈಯಲ್ಲಿ, ಯುರೋಪಿನದು 1995ರಲ್ಲಿ ಇಟಲಿಯ ಕ್ಯಾಂಡಿಗೆ ಹೋಗಿ, ಕ್ಯಾಂಡಿಯ ಜೊತೆ 2019ರಲ್ಲಿ ಚೀನಾದ ಹೈಯರ್‌ಗೆ.

ಹಳೆಯದೆಲ್ಲ ಚಿನ್ನ ಅನ್ನುವವನಲ್ಲ ನಾನು. ಬಟ್ಟೆ ಚೀಲದ ಎಳೆಗಳ ನಡುವಿನಿಂದ ನುಣ್ಣನೆಯ ಧೂಳು ಹೊರಬರುತ್ತದೆ, ಉಬ್ಬಸ ಇರುವವರ ಮನೆಗೆ ಇಂದಿನ ಒಳ್ಳೆಯ ಫಿಲ್ಟರಿನ ಯಂತ್ರವೇ ಸರಿ. ಪ್ಲಾಸ್ಟಿಕ್ ಅಚ್ಚು ಬಂದು ಬೆಲೆ ಇಳಿದದ್ದರಿಂದಲೇ ಎಷ್ಟೋ ಮನೆಗಳಿಗೆ ವ್ಯಾಕ್ಯೂಮ್ ಕ್ಲೀನರ್ ಬಂತು. ಆದರೆ ಹೊಸದರ ಬೆಲೆ ರಿಪೇರಿಯ ಕೂಲಿಗಿಂತ ಕೆಳಗಿಳಿದ ಮೇಲೆ ಸ್ಕ್ರೂ ಇದ್ದ ಕಡೆ ಪ್ಲಾಸ್ಟಿಕ್ ಕ್ಲಿಪ್ಪು ಬಂತು, ಕ್ಲಿಪ್ಪು ಮುರಿದರೆ ಯಂತ್ರವೇ ಕಸ. ಯುರೋಪಿನ ನಿಯಮದಂತೆ 2017ರಿಂದ ವ್ಯಾಕ್ಯೂಮ್ ಕ್ಲೀನರುಗಳ ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು. ವಾರಕ್ಕೊಂದು ಗಂಟೆ ಓಡಿಸಿದರೆ ಹತ್ತು ವರ್ಷಕ್ಕೆ ಸ್ವಲ್ಪ ಕಡಿಮೆ. ಹಾಗೆ ಹೇಳಲು ಒಂದು ನಿಯಮವೇ ಬೇಕಾಯಿತು ಎಂಬುದನ್ನು ಗಮನಿಸಿ. ಅಗ್ಗದ ಒತ್ತಡ ಇದ್ದೂ ಬೇರೆ ದಾರಿ ಇದೆ ಎನ್ನಲು ನ್ಯುಮ್ಯಾಟಿಕ್ ಕಂಪನಿಯ ಹೆನ್ರಿ ಎಂಬ ವ್ಯಾಕ್ಯೂಮ್ ಕ್ಲೀನರ್ ಸಾಕು. ಇಂಗ್ಲೆಂಡಿನ ಚಾರ್ಡ್‌ನಲ್ಲಿ ಇವತ್ತಿಗೂ ತಯಾರಾಗುತ್ತಿದೆ, ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ.

ಮತ್ತೆ ಕೆಲಸಕ್ಕೆ. ಮೋಟಾರಿನ ಶಾಫ್ಟೂ ಬ್ರಷ್ ರೋಲರೂ ಒಂದೇ ದಿಕ್ಕಿನಲ್ಲಿಲ್ಲ, ಆದ್ದರಿಂದ ಬೆಲ್ಟು ಕಾಲು ಸುತ್ತು ತಿರುಚಿಕೊಂಡು ಹೋಗಬೇಕು. ಉಲ್ಟಾ ತಿರುಚಿ ಹಾಕಿದರೆ ರೋಲರ್ ಹಿಂದಕ್ಕೆ ಸುತ್ತಿ ಕಸವನ್ನು ತಳ್ಳುತ್ತದೆ. ಹಳೆಯ ಬೆಲ್ಟು ಬಿರುಕು ಬಿಟ್ಟಿದೆ, ಸಮ ಅಳತೆಯ ಹೊಸದು ಹುಡುಕುತ್ತಿದ್ದೇನೆ. ಸಡಿಲವಾದದ್ದು ಬೇಡ: ಮೋಟಾರು ಸದ್ದು ಮಾಡುತ್ತಲೇ ಇರುತ್ತದೆ, ರಗ್ಗಿಗೆ ತಾಗಿದ ಕೂಡಲೇ ರೋಲರ್ ನಿಂತುಬಿಡುತ್ತದೆ. ಇದರ ಬಲ ಕೆಲವೇ ನೂರು ವ್ಯಾಟ್, ರೋಲರ್ ತಟ್ಟಿ ಧೂಳೆಬ್ಬಿಸದಿದ್ದರೆ ಎಳೆತವೊಂದರಿಂದ ಹೆಚ್ಚೇನೂ ಆಗದು.

ಕೇಬಲ್‌ನ ರಬ್ಬರ್ ಬೆರಳಿಗೆ ಪುಡಿಯಾಗುತ್ತದೆ, ಪೂರ್ತಿ ಬದಲಿಸಬೇಕು. ಹಳೆಯ ಬಣ್ಣಗಳನ್ನು ನಂಬಬೇಡಿ: ಆಗಿನ ಬ್ರಿಟನ್ನಿನಲ್ಲಿ ಕೆಂಪು ಎಂದರೆ ಲೈವ್, ಅದೇ ಕಾಲದ ಜರ್ಮನಿಯಲ್ಲಿ ಕೆಂಪು ಎಂದರೆ ಅರ್ತ್. ಮೈ ಲೋಹದ್ದಾದ್ದರಿಂದ ಮೂರು ಎಳೆಯ ಕೇಬಲ್ ಹಾಕಿ ಅರ್ತ್ ವೈರನ್ನು ಆ ಮೈಗೆ ಬಿಗಿಯುತ್ತೇನೆ. ರೇಡಿಯೋ ಗರಗರ ತಡೆಯುವ ಮೇಣಕಾಗದದ ಕೆಪಾಸಿಟರ್ ತೆಗೆದು ಮೇನ್ಸ್‌ಗೆ ಜೋಡಿಸಲೆಂದೇ ಇರುವ ಎಕ್ಸ್2 ದರ್ಜೆಯದನ್ನು ಕೂರಿಸುತ್ತೇನೆ. ಆಮೇಲೆ 500 ವೋಲ್ಟಿನ ಮೆಗ್ಗರ್ ಪರೀಕ್ಷೆ, ಅಂದರೆ ತಂತಿಗಳಿಂದ ಮೈಗೆ ಕರೆಂಟು ಸೋರುತ್ತದೆಯೇ ಎಂದು ಅಳೆಯುವುದು. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಫೀಲ್ಡ್ ಕಾಯಿಲನ್ನು (ಮೋಟಾರಿನ ತಿರುಗದ ತಂತಿ ಸುತ್ತನ್ನು) ಹದವಾದ ಬಿಸಿಯಲ್ಲಿ ಒಣಗಿಸಿ ಮತ್ತೆ ಅಳೆಯುವುದು, ಮೇಲೆ ಬಂದರೆ ಮಾತ್ರ ಬಲ್ಬು ತೆಗೆದು ನೇರ ಸಪ್ಲೈ.