ಮೂಡಗಾಳಿ ಟೈಮಲ್ಲಿ ಬದುಗೆ ಬೆಂಕಿ ಇಡ್ಬೇಡ್ರಪ್ಪಾ

ಕಾಡ್ಗಿಚ್ಚು ಅಂದ ತಕ್ಷಣ ನಮ್ ಜನಕ್ಕೆ ನೆನಪಾಗೋದು ಎರಡೇ, ಬಂಡೀಪುರ, ಇಲ್ಲಾಂದ್ರೆ ನಮ್ ಚಿಕ್ಕಮಗಳೂರು ಜಿಲ್ಲೆದೇ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲು. ಕ್ಯಾಮೆರಾ ಹೋಗೋದೂ ಅಲ್ಲಿಗೇ. ಕಡೂರು, ಬೀರೂರು, ಅಜ್ಜಂಪುರ, ಆ ಕಡೆ ಹಾಸನ ಜಿಲ್ಲೆ ಅರಸೀಕೆರೆ, ಬಾಣಾವರ, ಜಾವಗಲ್ ಅಂದ್ರೆ ‘ಅಲ್ಲೇನ್ರಿ ಕಾಡಿದೆ ಸುಡೋಕೆ’ ಅಂತಾರೆ. ಕಾಡಿಲ್ಲ, ಒಪ್ಪಿದೆ. ಹುಲ್ಲಿದೆಯಲ್ಲ ಸ್ವಾಮಿ, ದನ ಮೇಯೋ ಕಾವಲು, ಗೋಮಾಳ, ಬತ್ತಿದ ಕೆರೆ ಅಂಗಳ, ಹೊಲದ ಬದು, ರೋಡ್ ಸೈಡು, ತೆಂಗಿನ ತೋಟದ ಬೇಲಿ, ಎಲ್ಲಿ ನೋಡಿದ್ರೂ ಸೊಂಟದುದ್ದ ಒಣಗಿ ನಿಂತಿರುತ್ತೆ. ಇನ್ನೊಂದು ತಪ್ಪು ತಿಳುವಳಿಕೆ ಏನಂದ್ರೆ ಬೆಂಕಿ ಭಯ ಶುರುವಾಗೋದು ಯುಗಾದಿ ಕಳೆದ ಮೇಲೆ, ಬಿಸಿಲು ಏರಿದ ಮೇಲೆ ಅಂತ. ನಮ್ ಕಡೆ ಅದು ಶುರುವಾಗೋದು ಪುಷ್ಯ ಮಾಸದಲ್ಲಿ, ಬೆಳಿಗ್ಗೆ ಜನ ಮಂಕಿ ಕ್ಯಾಪು, ಸ್ವೆಟರ್ ಹಾಕ್ಕೊಂಡು ಟೀ ಅಂಗಡಿ ಮುಂದೆ ಕೈ ಕಾಯಿಸ್ಕೊಳ್ತಾ ನಿಂತಿರೋ ಕಾಲದಲ್ಲೇ. ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಿದ್ದೂ 2019ರ ಫೆಬ್ರವರಿಯಲ್ಲೇ ಹೊರತು ಮೇ ತಿಂಗಳಲ್ಲಲ್ಲ.

ನಾನು ಇರೋದು ಹಾಸನದಲ್ಲಿ, ಊರು ಕಡೂರು ತಾಲೂಕು, ಶನಿವಾರ ಆದ್ರೆ ಬೈಕ್ ಹತ್ತಿ ಅರಸೀಕೆರೆ ಮೇಲೆ ಊರಿಗೆ ಹೋಗೋ ಗಿರಾಕಿ. ಡಿಸೆಂಬರ್ ಕೊನೆಯಿಂದ ಶಿವರಾತ್ರಿ ತನಕ ಆ ರೋಡಲ್ಲಿ ಬೈಕ್ ಓಡಿಸಿದೋರಿಗೆ ನಾನು ಹೇಳ್ತಿರೋ ಗಾಳಿ ಯಾವುದು ಅಂತ ವಿವರಿಸೋದೇ ಬೇಡ. ಹತ್ತು ಗಂಟೆ ಆಗೋ ಹೊತ್ತಿಗೆ ಮೂಡ್ಲಿಂದ ಎದ್ದು ಬಂದ್ರೆ ಸಂಜೆ ತನಕ ಬಿಡಲ್ಲ, ಬೈಕನ್ನ ಪಕ್ಕಕ್ಕೆ ತಳ್ಳುತ್ತೆ, ತುಟಿ ಒಡೆಯುತ್ತೆ, ಕಣ್ಣಿಗೆಲ್ಲ ಧೂಳು, ಮನೆಗೆ ಹೋಗಿ ಮುಖ ತೊಳೆದ್ರೆ ಬಕೆಟ್ ನೀರು ಕೆಂಪಗಾಗುತ್ತೆ.

ಆದ್ರೆ ಮುಂಜಾನೆ ನೋಡಿದ್ರೆ ಇಬ್ಬನಿ ಸುರೀತಾ ಇರುತ್ತೆ, ಅವರೆ ಹೊಲಕ್ಕೆ ಕಾಲಿಟ್ರೆ ಪಂಚೆ ಮೊಣಕಾಲ ತನಕ ಒದ್ದೆ, ಇಷ್ಟು ತೇವ ಇರೋವಾಗ ಬೆಂಕಿ ಎಲ್ಲಿಂದ ಹತ್ತುತ್ತೆ ಅಂತ ಅನ್ಸೋದು ಸಹಜ. ಮೊಬೈಲಲ್ಲಿ ವೆದರ್ ಓಪನ್ ಮಾಡಿ ಹ್ಯುಮಿಡಿಟಿ ಅಂತ ಇರುತ್ತಲ್ಲ ಅದನ್ನ ಬೆಳಿಗ್ಗೆ ಆರಕ್ಕೊಂದ್ಸಲ ಮಧ್ಯಾಹ್ನ ಮೂರಕ್ಕೊಂದ್ಸಲ ನೋಡಿ. ಬೆಳಿಗ್ಗೆ ತೊಂಬತ್ತರ ಹತ್ರ ಇದ್ದಿದ್ದು ಮಧ್ಯಾಹ್ನಕ್ಕೆ ಮೂವತ್ತಕ್ಕೆ ಇಳಿದಿರುತ್ತೆ, ಕೆಲವು ದಿನ ಇನ್ನೂ ಕೆಳಗೆ. ಗಾಳಿಯಲ್ಲಿರೋ ನೀರು ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಬಿಸಿಲಿಗೆ ಕಾದ ಗಾಳಿಗೆ ಹೀರ್ಕೊಳ್ಳೋ ತಾಕತ್ತು ಜಾಸ್ತಿ, ಹಂಗಾಗಿ ಅದು ಹುಲ್ಲಲ್ಲಿರೋ ಪಸೆನೂ ಎಳ್ಕೊಂಡುಬಿಡುತ್ತೆ. ಮರದ ದಿಮ್ಮಿ ಒಣಗೋಕೆ ತಿಂಗಳುಗಟ್ಟಲೆ ಬೇಕು, ಹುಲ್ಲಿಗೆ ಒಂದು ಗಂಟೆ ಸಾಕು. ಬೆಂಕಿ ವಿಚಾರ ಓದಿದೋರು ಇದನ್ನೇ ‘ಒನ್ ಅವರ್ ಫ್ಯುಯೆಲ್’ ಅಂತಾರೆ, ಕಾಲಿಂಚಿಗಿಂತ ಸಣ್ಣ ಕಡ್ಡಿ, ಎಲೆ, ಹುಲ್ಲು ಎಲ್ಲ ಅದರಲ್ಲೇ ಬರುತ್ತೆ. ಒಂಬತ್ತಕ್ಕೆ ಇಬ್ಬನಿ ಆರಿದ್ರೆ ಹನ್ನೊಂದಕ್ಕೆ ಹಪ್ಪಳದ ಥರ ಕೈಯಲ್ಲಿ ಮುರಿಯುತ್ತೆ. ಚಳಿ ಇದೆ ಅನ್ನೋದಕ್ಕೂ ಹುಲ್ಲು ಹತ್ಕೊಳ್ಳೋದಕ್ಕೂ ಸಂಬಂಧನೇ ಇಲ್ಲ, ಬೇಕಾಗಿರೋದು ಒಣ ಹವೆ, ಗಾಳಿ, ಒಂದು ಕಿಡಿ.

ಮಳೆ ಚೆನ್ನಾಗಾದ ವರ್ಷ ಬೆಂಕಿ ಕಮ್ಮಿ ಅಂತಾನೂ ಅಂದ್ಕೋಬೇಡಿ. ನಮ್ದು ಮಳೆ ನೆರಳಿನ ಸೀಮೆ, ಮಲೆನಾಡಿನ ಗುಡ್ಡಗಳು ಮುಂಗಾರಿನ ಮೋಡನೆಲ್ಲ ಆ ಕಡೇನೇ ಹಿಂಡಿ ನಮಗೆ ಮಿಕ್ಕಿದ್ದು ಕಳಿಸ್ತವೆ, ಬರದ ವರ್ಷ ಕಾವಲಲ್ಲಿ ಹುಲ್ಲೇ ಏಳಲ್ಲ, ಎದ್ದ ಚೂರು ಕುರಿ ಮೇಯ್ದು ನೆಲ ಬೋಳಾಗಿರುತ್ತೆ, ಸುಡೋಕೇನಿದೆ. ಹಿಂಗಾರು ಭರ್ಜರಿ ಆಗಿ ಕೆರೆ ಕೋಡಿ ಬಿದ್ದ ವರ್ಷ ಊರೆಲ್ಲ ಖುಷಿಯಾಗಿ ಬಾಗಿನ ಬಿಡೋಕೆ ಹೋಗ್ತೀವಲ್ಲ, ಆ ವರ್ಷದ ಮಾಘ ಮಾಸಕ್ಕೇ ಹೆದರಬೇಕು.

ಇದು ನನ್ನ ಸ್ವಂತ ಥಿಯರಿ ಅಲ್ಲ. ನಮ್ ಚಿಕ್ಕಪ್ಪನ ಮಗ ಅಮೆರಿಕದ ಕೊಲರಾಡೋದಲ್ಲಿದಾನೆ, ಅವನು ಹೇಳಿದ ಮೇಲೆ ನಾನು ಓದ್ಕೊಂಡಿದ್ದು. 2021ರಲ್ಲಿ ಅಲ್ಲಿ ವಸಂತದಲ್ಲಿ ಒಳ್ಳೆ ಮಳೆ ಆಗಿ ಬಯಲಲ್ಲಿ ಹುಲ್ಲು ಜೋರಾಗಿ ಬಂತಂತೆ, ಆಮೇಲೆ ತಿಂಗಳುಗಟ್ಟಲೆ ಮಳೆನೂ ಇಲ್ಲ ಹಿಮಾನೂ ಇಲ್ಲ. ಡಿಸೆಂಬರ್ 30ನೇ ತಾರೀಕು, ಬೌಲ್ಡರ್ ಕೌಂಟಿಯಲ್ಲಿ ಗಂಟೆಗೆ 160 ಕಿಲೋಮೀಟರ್ ದಾಟಿದ ಗಾಳಿ, ಹುಲ್ಲಿಗೆ ಹತ್ತಿದ ಬೆಂಕಿ ಒಂದೇ ಮಧ್ಯಾಹ್ನದಲ್ಲಿ ಸುಪೀರಿಯರ್, ಲೂಯಿಸ್‌ವಿಲ್ ಅನ್ನೋ ಎರಡು ಪಟ್ಟಣಕ್ಕೆ ನುಗ್ಗಿ ಸಾವಿರಕ್ಕೂ ಮೇಲೆ ಮನೆ ಸುಟ್ಟುಹಾಕ್ತು. ಕಾಡಲ್ಲ, ನಮ್ ಹಾಸನದ ಎಕ್ಸ್‌ಟೆನ್ಷನ್ ಥರದ ಬಡಾವಣೆಗಳು. ಮಾರನೇ ದಿನವೇ ಹಿಮ ಬಿತ್ತು! ಮಾರ್ಷಲ್ ಫೈರ್ ಅಂತ ಹುಡುಕಿದ್ರೆ ಸಿಗುತ್ತೆ. ತನಿಖೆಯಲ್ಲಿ ಎರಡು ಮೂಲ ಬಂತು, ಒಂದು ಕರೆಂಟ್ ಲೈನು, ಇನ್ನೊಂದು ಕೇಳಿ ನಾನು ಕೂತಲ್ಲೇ ಕೂತೆ. ಸುಮಾರು ಒಂದು ವಾರ ಮುಂಚೆ ಯಾರೋ ಕಸಕಡ್ಡಿ ಸುಟ್ಟು ಮೇಲೆ ಮಣ್ಣು ಮುಚ್ಚಿದಾರೆ, ಒಳಗೆ ಕೆಂಡ ಹಂಗೇ ಉಳ್ಕೊಂಡಿದೆ, ಗಾಳಿ ಬಂದು ಆ ಮಣ್ಣನ್ನ ಕೆದರಿ ಹಾಕಿದೆ.

ಟೆಕ್ಸಾಸ್ ಕಥೆನೂ ಹಂಗೇ. 2024ರ ಫೆಬ್ರವರಿ 26ಕ್ಕೆ ಹತ್ತಿದ ಹುಲ್ಲುಗಾವಲ ಬೆಂಕಿ ಹತ್ತು ಲಕ್ಷ ಎಕರೆ ದಾಟ್ತು, ಸಾವಿರಾರು ದನ ಸತ್ತವು, ಶುರುವಾಗಿದ್ದು ಒಂದು ಕರೆಂಟ್ ಕಂಬದಿಂದ. ಅಲ್ಲಿ ಹವೆ ಒಣಗಿ ಗಾಳಿ ಜೋರಾಗೋ ದಿನ ಮುಂಚೇನೇ ಹವಾಮಾನ ಇಲಾಖೆಯೋರು ‘ರೆಡ್ ಫ್ಲ್ಯಾಗ್’ ಅಂತ ಎಚ್ಚರಿಕೆ ಕೊಡ್ತಾರೆ, ಇವತ್ತು ಹೊರಗೆ ಏನೂ ಸುಡಬೇಡಿ, ವೆಲ್ಡಿಂಗ್ ಮಾಡಬೇಡಿ ಅಂತ. ನಮಗೆ ಮಳೆಗೆ ಯೆಲ್ಲೋ ಅಲರ್ಟ್ ಆರೆಂಜ್ ಅಲರ್ಟ್ ಬರುತ್ತೆ, ಒಣಗಾಳಿಗೆ ಅಲರ್ಟ್ ಕೊಟ್ಟಿದ್ದು ನಾನಂತೂ ಕೇಳಿಲ್ಲ. ಅಲ್ಲಿನ ಗಾಳಿಗೂ ನಮ್ ಗಾಳಿಗೂ ಹೋಲಿಕೆ ಇಲ್ಲ ಬಿಡಿ, ನಮ್ದು ಮನೆ ಸುಡೋ ಮಟ್ಟದ್ದಲ್ಲ. ಆದ್ರೆ ಬಣವೆ ಸುಡೋದಕ್ಕೆ, ತೋಟ ಸುಡೋದಕ್ಕೆ ಇಷ್ಟು ಗಾಳಿ ಧಾರಾಳ ಸಾಕು.

ಹೋದ ವರ್ಷ ಮಾಘದಲ್ಲಿ ನಮ್ಮೂರ ಗೋಮಾಳಕ್ಕೆ ಹತ್ತಿದ್ದು ಬದುವಿನ ಬೆಂಕಿಯಿಂದ. ಹೆಸರು ಬೇಡ, ಅವರೂ ಬೇಕಂತ ಮಾಡಿದ್ದಲ್ಲ, ರಾಗಿ ಎಲ್ಲ ಕಣಕ್ಕೆ ಬಂದಾಗಿತ್ತು, ಬದು ಕ್ಲೀನ್ ಮಾಡಣ ಅಂತ ಹನ್ನೊಂದು ಗಂಟೆಗೆ ಕಡ್ಡಿ ಗೀರಿ ಬೀಡಿ ಹಚ್ಕೊಂಡು ನಿಂತಿದಾರೆ. ಬೀಡಿ ಮುಗಿಯೋಷ್ಟರಲ್ಲಿ ಬೆಂಕಿ ಬೇಲಿ ದಾಟಿತ್ತು. ನಾನು ಹೋಗಿ ಸೇರ್ಕೊಳ್ಳೋ ಹೊತ್ತಿಗೆ ಆಗ್ಲೇ ಜನ ಬಂದಿದ್ರು. ಹುಲ್ಲಿನ ಬೆಂಕಿ ಹತ್ರದಿಂದ ನೋಡದಿದ್ದೋರಿಗೆ ಹೇಳ್ತೀನಿ, ಅದು ಎತ್ತರಕ್ಕೆ ಉರಿಯಲ್ಲ, ಗಾಳಿ ಹೊಡೆತಕ್ಕೆ ಜ್ವಾಲೆ ನೆಲಕ್ಕೆ ಮಲಗುತ್ತೆ, ಮುಂದಿನ ಹುಲ್ಲನ್ನ ಮುಟ್ಟೋ ಮುಂಚೇನೇ ಕಾಯಿಸಿ ರೆಡಿ ಮಾಡಿರುತ್ತೆ, ಆಮೇಲೆ ಒಂದೇ ಸಲ ಮಾರು ದೂರ ಹಾರುತ್ತೆ. ಸದ್ದು ಜಾಸ್ತಿ, ಹೊಗೆ ಬಿಳಿ. ಮೇಲ್ಗಡೆ ಕಾಜಾಣ ಹಕ್ಕಿಗಳು, ಹದ್ದು, ಎದ್ದೋಡೋ ಮಿಡತೆ ಹಿಡಿಯೋಕೆ ಬೆಂಕಿ ಮುಂದೇನೇ ಡೈವ್ ಹೊಡೀತಿರ್ತವೆ, ನಾವು ಪ್ರಾಣ ಬಿಡ್ತಿದ್ರೆ ಅವಕ್ಕೆ ಹಬ್ಬ.

ಹುಡುಗರು ಹೀರೋಗಳ ಥರ ಬೆಂಕಿ ಮುಂದಕ್ಕೆ ಹೋಗಿ ನಿಂತ್ಕೊಂಡ್ರೆ ಒಬ್ರು ಅಜ್ಜ ಕೆಟ್ಟ ಕೆಟ್ಟದಾಗಿ ಬೈದು ವಾಪಸ್ ಕರೆದ್ರು. ಅವರ ಲೆಕ್ಕ ಸರಿ, ಬೆಂಕಿ ಮೂತಿಗೆ ಯಾವತ್ತೂ ಹೋಗ್ಬಾರದು, ಸುಟ್ಟು ಕಪ್ಪಾದ ಜಾಗದಲ್ಲಿ ಕಾಲಿಟ್ಕೊಂಡು ಬೆನ್ನ ಕಡೆಯಿಂದ ಎರಡೂ ಪಕ್ಕ ಬಡ್ಕೊಂಡು ಬರ್ಬೇಕು, ಬರ್ತಾ ಬರ್ತಾ ಮೂತಿ ಸಣ್ಣದಾಗುತ್ತೆ. ಬಡಿಯೋಕೆ ಬಂದ್ರೆ ಗಿಡದ ಸೊಪ್ಪು ಬೆಸ್ಟು, ತಂಗಡಿ ಗಿಡದ್ದೂ ಆಗುತ್ತೆ. ಅದನ್ನೂ ತಲೆ ಮೇಲಿಂದ ಎತ್ತಿ ಬಡಿಯೋದಲ್ಲ, ಹಂಗೆ ಮಾಡಿದ್ರೆ ಕಿಡಿ ಹಾರಿ ಹಿಂದ್ಗಡೆ ಹೊಸದಾಗಿ ಹತ್ಕೊಳ್ಳುತ್ತೆ, ಕೆಳಗೇ ಒತ್ತಿ ಒತ್ತಿ ಎಳೀಬೇಕು, ಸುಟ್ಟಿರೋ ಕಡೆಗೆ. ನಾಲ್ಕೈದು ಜನ ಔಷಧಿ ಹೊಡಿಯೋ ಕ್ಯಾನಿಗೆ ನೀರು ತುಂಬಿ ಬೆನ್ನಿಗೆ ಹಾಕ್ಕೊಂಡು ಬಂದ್ರು, ಅದು ನಿಜವಾಗ್ಲೂ ಕೆಲಸಕ್ಕೆ ಬಂತು. ಫೈರ್ ಇಂಜಿನ್‌ಗೂ ಫೋನ್ ಮಾಡಿದ್ವಿ, ಗೋಮಾಳದ ದಾರಿಲಿ ಆ ಗಾಡಿ ಅರ್ಧಕ್ಕೇ ನಿಲ್ತು, ಅವರದ್ದೇನೂ ತಪ್ಪಿಲ್ಲ, ಎತ್ತಿನಗಾಡಿ ಜಾಡಲ್ಲಿ ಅಷ್ಟು ನೀರು ಹೊತ್ಕೊಂಡು ಹೆಂಗೆ ಬರೋದು.

ಕೊನೆಗೆ ಬೆಂಕಿ ನಿಂತಿದ್ದು ನಮ್ಮಿಂದಲ್ಲ, ಹುರುಳಿ ಕಿತ್ತು ಉತ್ತು ಬಿಟ್ಟಿದ್ದ ಒಂದು ಹೊಲ ಅಡ್ಡ ಬಂತು, ಅಲ್ಲಿಗೆ ನಿಂತ್ಕಂತು.

ಎಲ್ಲ ಮುಗೀತು ಅಂತ ಮನೆಗೆ ಬಂದು ಊಟ ಮಾಡಿ ಮಲಗಿದ್ರೆ ಬೆಳಿಗ್ಗೆ ಮತ್ತೆ ಹೊಗೆ. ಏನಂತ ನೋಡಿದ್ರೆ ಒಣಗಿದ ಸಗಣಿ. ದನ ಮೇಯೋ ಜಾಗ, ಸಗಣಿ ಒಣಗಿ ಬೆರಣಿ ಆಗಿರುತ್ತಲ್ಲ, ಅದು ಜ್ವಾಲೆ ಇಲ್ದೆ ಹೊಗೆನೂ ಕಾಣದೆ ರಾತ್ರಿಯೆಲ್ಲ ಒಳಗೇ ಕೆಂಡವಾಗಿ ಇರುತ್ತೆ, ಮಾರನೇ ದಿನ ಮೂಡಗಾಳಿ ಎದ್ದಾಗ ಉರುಳ್ಕೊಂಡು ಸುಡದೇ ಉಳಿದಿರೋ ಹುಲ್ಲಿಗೆ ಹೋಗಿ ಸೇರುತ್ತೆ. ಕಾಲಲ್ಲಿ ಒಂದನ್ನ ಮಗುಚಿದೆ, ಮೇಲೆ ಬೂದಿ, ಕೆಳಗೆ ಕೆಂಪಗೆ ನಿಗಿನಿಗಿ. ತೆಂಗಿನ ಬೊಡ್ಡೆ, ಕೊಳೆತ ಮರದ ಬೇರೂ ಹಂಗೇ. ಕೊಲರಾಡೋದ ಕೆಂಡ ನೆನಪಾಗಿ ನಮ್ ಅಣ್ಣನಿಗೆ ಹೇಳಿದ್ರೆ ‘ಅಲ್ಲೂ ಸಗಣಿ ಇತ್ತಾ’ ಅಂದ. ನೀಲಗಿರಿ ತೋಪು ಹತ್ರ ಇದ್ರಂತೂ ಇನ್ನೂ ಕಷ್ಟ, ಅದರ ತೊಗಟೆ ಉದ್ದುದ್ದ ಪಟ್ಟಿ ಪಟ್ಟಿಯಾಗಿ ಹತ್ಕೊಂಡು ಗಾಳಿಯಲ್ಲಿ ತೇಲ್ಕೊಂಡು ರೋಡ್ ದಾಟಿಬಿಡುತ್ತೆ.

ಬೇಕಂತಲೇ ಹಚ್ಚೋರೂ ಇದಾರೆ. ಸುಟ್ರೆ ಹೊಸ ಚಿಗುರು ಬರುತ್ತೆ, ದನಕ್ಕೆ ಹತ್ತೋ ಉಣ್ಣೆ ಹುಳ ಸಾಯುತ್ತೆ ಅಂತ. ಪೂರ್ತಿ ಸುಳ್ಳಲ್ಲ, ನೆಲದಲ್ಲಿ ಪಸೆ ಇದ್ರೆ ಚೂರು ಹಸಿರು ಬರುತ್ತೆ. ಆದ್ರೆ ಜನವರಿಯಲ್ಲಿ ಸುಟ್ರೆ ಮುಂದಿನ ಮಳೆ ಅಶ್ವಿನಿ, ಭರಣಿಗೆ, ಅಂದ್ರೆ ಏಪ್ರಿಲ್ ಕೊನೆ ಮೇ ಶುರು, ಅಲ್ಲಿ ತನಕ ದನಕ್ಕೆ ಏನು ಹಾಕ್ತೀರ? ಒಣಗಿದ್ರೂ ಅದು ಮೇವೇ ಅಲ್ವಾ, ಆಮೇಲೆ ಟ್ರಾಕ್ಟರ್ ಲೋಡ್ ಲೆಕ್ಕದಲ್ಲಿ ಹುಲ್ಲು ಕೊಂಡ್ಕೊಳ್ಳೋರೂ ಇವರೇ. ಮೊಲ ಹಿಡಿಯೋಕೆ ಬೆಂಕಿ ಇಡೋರ ಬಗ್ಗೆ ಬರೆದ್ರೆ ಭಾಷೆ ಕೆಡುತ್ತೆ, ಬಿಡ್ತೀನಿ. ನಮ್ ತಾಲೂಕಲ್ಲೇ ಬಾಸೂರು ಕಾವಲಿದೆ, ಮೈಸೂರು ಅರಸರ ಕಾಲದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು, 2011ರಲ್ಲಿ ಕೃಷ್ಣಮೃಗಕ್ಕೆ ಅಂತ ಸಂರಕ್ಷಿತ ಮೀಸಲು ಮಾಡಿದ್ರು. ಅಂಥ ಜಾಗ ಹತ್ತಿದ್ರೆ ಜಿಂಕೆ ಓಡುತ್ತೆ, ನೆಲದಲ್ಲಿ ಗೂಡು ಕಟ್ಟೋ ಹಕ್ಕಿ ಏನ್ ಮಾಡುತ್ತೆ.

ಕರೆಂಟಿಂದು ಬೇರೆ ತಲೆನೋವು. ಜೋತು ಬಿದ್ದಿರೋ ಎರಡು ವೈರು ಗಾಳಿಗೆ ಒಂದಕ್ಕೊಂದು ತಾಗಿದ್ರೆ ಕಾದ ಲೋಹದ ಕಿಡಿ ಉದುರುತ್ತೆ, ಕೆಳಗಡೆ ರಾಗಿ ಹುಲ್ಲಿನ ಬಣವೆ ಇದ್ರೆ ಮುಗೀತು, ವರ್ಷದ ಮೇವು ಅರ್ಧ ಗಂಟೆಯಲ್ಲಿ ಬೂದಿ. ಲೈನ್ ಟೈಟ್ ಮಾಡ್ಸಿ ಅಂತ ಅರ್ಜಿ ಕೊಟ್ಕೊಂಡು ಓಡಾಡಿ, ಓಡಾಡಲೇಬೇಕು, ಆದ್ರೆ ಅಲ್ಲಿ ತನಕ ಬಣವೆನಾದ್ರೂ ಲೈನ್ ಕೆಳಗಿಂದ ಆಚೆ ಒಟ್ಟಿ. ಟ್ರಾನ್ಸ್‌ಫಾರ್ಮರ್ ಸುತ್ತ ಹುಲ್ಲು ಕೆತ್ತೋಕೆ ಯಾರ ಅರ್ಜಿನೂ ಬೇಡ, ಕಂಬ, ಕಂಬಕ್ಕೆ ಎಳೆದು ಕಟ್ಟಿರೋ ಗೈ ವೈರ್ ಮುಟ್ಟದೆ ಬೇಲಿಯಿಂದ ಆಚೆಗೆ ಕೆತ್ತಿದ್ರೆ ಸಾಕು.

ಬದು ಸುಡಲೇಬೇಕು ಅನ್ನೋರಿಗೆ ಒಂದೇ ರಿಕ್ವೆಸ್ಟು. ಕೊಯ್ದು ದನಕ್ಕೆ ಹಾಕಿ, ಇಲ್ಲ ತೆಂಗಿನ ಬುಡಕ್ಕೆ ಮುಚ್ಚಿಗೆ ಹಾಕಿ, ಆಗಲ್ಲ ಅಂದ್ರೆ ಮಳೆ ಬಿದ್ದ ಮೇಲೆ ನೋಡ್ಕೊಳ್ಳಿ. ಮೂಡಗಾಳಿ ಇರೋ ದಿನ ಹೊತ್ತೇರಿದ ಮೇಲೆ ಕಡ್ಡಿ ಗೀರಲೇಬೇಡಿ. ಮಲೆನಾಡು ಕಡೆ ಗುಡ್ಡಕ್ಕೆ ಟ್ರಿಪ್ ಬರೋ ಸಿಗರೇಟ್ ಗಿರಾಕಿಗಳಿಗೂ ಇದೇ ಮಾತು, ಆ ಹುಲ್ಲಿನ ಇಳಿಜಾರಲ್ಲಿ ಬೆಂಕಿ ಮೇಲ್ಮುಖವಾಗಿ ಓಡೋ ಸ್ಪೀಡಿಗೆ ಮನುಷ್ಯ ಓಡೋಕಾಗಲ್ಲ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲೂಕಿನ ಕಾಡುಮನೆ ಕಡೆ ಬೆಂಕಿ ಆರಿಸೋಕೆ ಹೋದ ಅರಣ್ಯ ರಕ್ಷಕರೊಬ್ರು ಸುಟ್ಟಗಾಯದಿಂದ ತೀರ್ಕೊಂಡ್ರು, ಸಂಬಳಕ್ಕೆ ಕೆಲಸ ಮಾಡೋ ಹುಡುಗರು ಅವರು, ಕೈಯಲ್ಲಿ ಇರೋದು ಅದೇ ಸೊಪ್ಪು.

ನಮ್ಮೂರಲ್ಲಿ ಈ ಸಲ ಒಂದು ಮಾತಾಗಿದೆ. ಸಂಕ್ರಾಂತಿ ದಿನ ದನಕ್ಕೆ ಕಿಚ್ಚು ಹಾಯಿಸೋಕೆ ಊರೆಲ್ಲ ಸೇರಿರ್ತಾರಲ್ಲ, ಮೊದಲು ಕಿಚ್ಚಿನ ಬೂದಿಗೆ ಎರಡು ಕೊಡ ನೀರು ಸುರಿದು ಕೆದಕಿ ಮತ್ತೆ ಸುರಿದ್ವಿ, ಆಮೇಲೆ ಅಲ್ಲೇ ನಿಂತ್ಕೊಂಡು ಗೋಮಾಳಕ್ಕೂ ತೋಟಗಳಿಗೂ ಮಧ್ಯೆ ಟ್ರಾಕ್ಟರಲ್ಲಿ ಎರಡು ಸಾಲು ಉತ್ತು ಮಣ್ಣು ತಿರುಗಿಸಿ ಬಿಡೋದು ಅಂತ ಒಪ್ಕೊಂಡ್ರು, ಅರಣ್ಯ ಇಲಾಖೆಯೋರು ಬೆಂಕಿ ರೇಖೆ ಅಂತ ಮಾಡ್ತಾರಲ್ಲ ಅದೇ ಲೆಕ್ಕ. ಟ್ರಾಕ್ಟರ್ ಕೊಡೋಕೆ ಇಬ್ರು ರೆಡಿ. ಡೀಸೆಲ್ ದುಡ್ಡು ತೋಟ ಇರೋರು ಹಾಕ್ಬೇಕಾ ಇಲ್ಲ ದನ ಬಿಡೋರು ಹಾಕ್ಬೇಕಾ ಅಂತ ಜಗಳ ನಡೀತಿದೆ, ಭಾನುವಾರ ಮತ್ತೆ ಅರಳಿಕಟ್ಟೆ ಹತ್ರ ಸೇರ್ತಿದೀವಿ.