ಪಿಕಪ್ ಇಲ್ಲ ಅಂತ ಬಂದ ಜೀಪುಗಳು

"ಗಾಡಿಗೆ ಪಿಕಪ್ ಇಲ್ಲ ಮಾರಾಯ, ಏನಾದ್ರೂ ಮಾಡು."

ಚಿಕ್ಕಮಗಳೂರಿನಲ್ಲಿ ಜೀಪು ರಿಪೇರಿ ಮಾಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಈ ಮಾತು ಕೇಳದ ವಾರ ನೆನಪಿಲ್ಲ. ತೋಟದವರು ಹೇಳುತ್ತಾರೆ, ಝರಿ ಫಾಲ್ಸಿಗೆ ಟ್ರಿಪ್ ಹೊಡೆಯುವ ಡ್ರೈವರ್‌ಗಳು ಹೇಳುತ್ತಾರೆ, ಶನಿವಾರ ಬೆಂಗಳೂರಿನಿಂದ ಬರುವ ಹುಡುಗರಂತೂ ಗಾಡಿಯಿಂದ ಇಳಿಯುವ ಮೊದಲೇ ಹೇಳುತ್ತಾರೆ. ಮೊದಮೊದಲು ನಾನೂ ಅದನ್ನು ಹೇಳಿದ ಹಾಗೇ ನಂಬುತ್ತಿದ್ದೆ. ಪಿಕಪ್ ಇಲ್ಲ ಅಂದರೆ ಎಂಜಿನ್ನಿಗೆ ಶಕ್ತಿ ಇಲ್ಲ, ಶಕ್ತಿ ಇಲ್ಲ ಅಂದರೆ ಡೀಸೆಲ್ ಜಾಸ್ತಿ ಕೊಡಬೇಕು. ಅಷ್ಟೇ ನನ್ನ ಲೆಕ್ಕ.

ಆ ಲೆಕ್ಕಕ್ಕೆ ನಾನು ಕೊಟ್ಟ ಬೆಲೆ ಒಂದು ಸಿಲಿಂಡರ್ ಹೆಡ್, ಒಂದು ಪಿಸ್ಟನ್.

ಸ್ವಂತ ಗ್ಯಾರೇಜು ಶುರು ಮಾಡಿದ ವರ್ಷ ಅದು. ಗೌಡರೊಬ್ಬರು ತಮ್ಮ ಮಹೀಂದ್ರಾ ಎಂಎಂ 540 ತಂದರು. ಪೂಜೋ ಡೀಸೆಲ್ ಎಂಜಿನ್, 2112 ಸಿಸಿ, ಹೊಸದರಲ್ಲಿ 62 ಅಶ್ವಶಕ್ತಿ. ಗಾಳಿ ಒತ್ತಿ ತುಂಬುವ ಟರ್ಬೋ ಗಿರ್ಬೋ ಏನೂ ಇಲ್ಲ. ಅವರ ತೋಟ ಎರಡು ಹಂತದಲ್ಲಿತ್ತು. ಕೆಳಗಿನ ತೋಟದಿಂದ ಮೇಲಿನ ಕಣಕ್ಕೆ ಕಾಫಿ ಹಣ್ಣಿನ ಮೂಟೆ ಸಾಗಿಸಬೇಕು. ದಾರಿ ಕಡಿದಾದ ಮಣ್ಣಿನ ಏರು, ನಡುವೆ ಎರಡು ಕೈತಿರುವು. "ಎರಡನೇ ಗೇರಲ್ಲಿ ಹತ್ತಬೇಕು ಕಣಯ್ಯ" ಅಂದರು. ನಾನು ಡೀಸೆಲ್ ಪಂಪಿನ ಮ್ಯಾಕ್ಸಿಮಮ್ ಫ್ಯುಯೆಲ್ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಹೋಗುವ ಹಾಗೆ ಮಾಡಿಕೊಟ್ಟೆ. ಜೀಪು ಹತ್ತಿತು. ಹಿಂದೆ ಕಪ್ಪು ಹೊಗೆ ಕಾಡಿಗೆ ಬಳಿದ ಹಾಗೆ. ಗೌಡರಿಗೆ ಖುಷಿಯೋ ಖುಷಿ, ಒಂದು ಬುಟ್ಟಿ ಕಿತ್ತಳೆ ಕಳಿಸಿಕೊಟ್ಟರು.

ಕೊಯ್ಲು ಜೋರಾಗಿದ್ದ ಹೊತ್ತಿಗೆ ಅದೇ ಏರಿನಲ್ಲಿ ಜೀಪು ನಿಂತಿತು. ಹೆಡ್ ಬಿಚ್ಚಿ ನೋಡಿದರೆ ಸೀಳಿದೆ. ಮೂರನೇ ಪಿಸ್ಟನ್ನಿನ ತಲೆ ಕರಗಿದ ಮೇಣದ ಹಾಗಿತ್ತು. ಅರ್ಧ ಖರ್ಚು ನಾನೇ ಹಾಕಿದೆ. ಕಿತ್ತಳೆ ಮತ್ತೆ ಬರಲಿಲ್ಲ.

ನನಗೆ ಕೆಲಸ ಕಲಿಸಿದ ಉಸ್ತಾದರ ಹತ್ತಿರ ಹೋಗಿ ಹೇಳಿಕೊಂಡೆ. ಅವರು ಬೈಯಲಿಲ್ಲ. "ಒಲೆಗೆ ಸೌದೆ ತುರುಕಿದೆ, ಊದುಗೊಳವೆ ಎಲ್ಲಿ?" ಅಂತ ಕೇಳಿದರು, ಅಷ್ಟೇ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಹತ್ತಿರ ಹತ್ತು ಸಾವಿರ ಲೀಟರ್ ಗಾಳಿ ಬೇಕು, ಅದೂ ಸಮುದ್ರಮಟ್ಟದ ದಪ್ಪ ಗಾಳಿ. ಟರ್ಬೋ ಇಲ್ಲದ ಎಂಜಿನ್ ತಾನು ಎಳೆದುಕೊಳ್ಳುವಷ್ಟೇ ಗಾಳಿ ಕುಡಿಯುತ್ತದೆ. ನಾನು ಡೀಸೆಲ್ ಹೆಚ್ಚಿಸಿದೆ, ಗಾಳಿ ಇದ್ದಷ್ಟೇ ಇತ್ತು. ಉರಿಯದ ಪಾಲು ಹೊಗೆಯಾಯಿತು, ಉರಿದ ಪಾಲು ಎಂಜಿನ್ ತಡೆಯಲಾರದಷ್ಟು ಬಿಸಿಯಾಯಿತು. ಬೆಟ್ಟದ ಮೇಲೆ ಇದು ಇನ್ನೂ ಕಷ್ಟ. ಟರ್ಬೋ ಇಲ್ಲದ ಎಂಜಿನ್ನಿಗೆ ಪ್ರತಿ 100 ಮೀಟರ್ ಏರಿದರೆ ಹೆಚ್ಚುಕಡಿಮೆ ಶೇಕಡ 1ರಷ್ಟು ಶಕ್ತಿ ಹೋಗುತ್ತದೆ. ಮುಳ್ಳಯ್ಯನಗಿರಿ ನೆತ್ತಿ 1,930 ಮೀಟರ್. ಅಂದರೆ ಮಂಗಳೂರಿನಲ್ಲಿ 62 ಇದ್ದ ಎಂಜಿನ್ ನಮ್ಮ ಗಿರಿ ಸಾಲಿನಲ್ಲಿ ಐವತ್ತರ ಆಸುಪಾಸು. ಎಂಜಿನ್ ಹಾಳಾಗಿಲ್ಲ, ಗಾಳಿ ತೆಳುವಾಗಿದೆ. ಅಲ್ಲಿ ಸ್ಕ್ರೂ ತಿರುಗಿಸೋದಾದರೆ ಕಡಿಮೆ ಮಾಡೋ ಕಡೆಗೇ ತಿರುಗಿಸಬೇಕು.

ಇದಾದ ಮೇಲೆ ಯಾರು ಪಿಕಪ್ ಇಲ್ಲ ಅಂದರೂ ನಾನು ಮೊದಲು ಸ್ಪ್ಯಾನರ್ ಎತ್ತುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂತು "ನಡೀರಿ, ಯಾವ ಏರಲ್ಲಿ ನಿಲ್ಲುತ್ತೆ ತೋರಿಸಿ" ಅನ್ನುತ್ತೇನೆ. ಅದರಿಂದ ಕಲಿತಷ್ಟು ಯಾವ ಬಾನೆಟ್ ಎತ್ತಿಯೂ ಕಲಿತಿಲ್ಲ.

ಒಂದು ಮಾರುತಿ ಜಿಪ್ಸಿ ಕಥೆ ಹೇಳಲೇಬೇಕು. ಬೆಂಗಳೂರಿನ ಹುಡುಗ, ಸಾಫ್ಟ್‌ವೇರ್ ಕೆಲಸ. ಹಳೆಯ ಎಂಪಿಎಫ್‌ಐ ಜಿಪ್ಸಿ (ಕಾರ್ಬೊರೇಟರ್ ಬದಲು ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಗಾಡಿ) ತಗೊಂಡು ಚೆನ್ನಾಗಿ ಸಿಂಗಾರ ಮಾಡಿದ್ದ. ಮುಂದೆ ಕಬ್ಬಿಣದ ಬಂಪರ್, ಅದರ ಮೇಲೆ ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್, ತಲೆ ಮೇಲೆ ಕ್ಯಾರಿಯರ್, ಕಾಲಿಗೆ 31 ಇಂಚಿನ ಟೈರು. ದೇವರಮನೆ ಕಡೆಯ ಒಂದು ಮಣ್ಣಿನ ಏರಿನಲ್ಲಿ ಗಾಡಿ ಮುಕ್ಕರಿದು ನಿಂತುಬಿಟ್ಟಿತ್ತು. "ಅಣ್ಣ, ಟರ್ಬೋ ಹಾಕಿಸ್ಬೇಕಾ, ಎಂಜಿನ್ನೇ ಚೇಂಜ್ ಮಾಡ್ಬೇಕಾ?" ಅಂತ ಕೇಳಿದ. ಬಜೆಟ್ಟೂ ಹೇಳಿದ. ಆ ದುಡ್ಡಿಗೆ ನಮ್ಮಲ್ಲಿ ಇನ್ನೊಂದು ಜಿಪ್ಸಿ ಬರುತ್ತಿತ್ತು.

ಒಂದು ರಟ್ಟಿನ ಚೂರಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಕಂಪನಿಯಿಂದ ಬಂದ 205/70 ಟೈರಿನ ಎತ್ತರ 26 ಇಂಚು ಚಿಲ್ಲರೆ. ಇವನು ಹಾಕಿದ್ದು 31. ಚಕ್ರ ದೊಡ್ಡದಾದಷ್ಟೂ ನೆಲಕ್ಕೆ ಸಿಗುವ ಎಳೆತ ಕಡಿಮೆ. ಅಲ್ಲೇ ಶೇಕಡ 15 ಹೋಯಿತು. ಬೆಟ್ಟದ ಗಾಳಿಗೆ ಇನ್ನೊಂದು 10ರಿಂದ 15 ಹೋಯಿತು. ನೂರು ರೂಪಾಯಿಯಲ್ಲಿ ಎಪ್ಪತ್ತು ಚಿಲ್ಲರೆ ಉಳಿಯಿತು, ಅದರ ಮೇಲೆ ಬಂಪರ್, ವಿಂಚ್ ಭಾರ ಬೇರೆ. ಈ ಎಂಜಿನ್ನಿಗೆ ಒಳ್ಳೆಯ ಎಳೆತ ಬರೋದು ನಿಮಿಷಕ್ಕೆ 4,500 ಸುತ್ತಿನ ಹತ್ತಿರ. ಇವನು ಡೀಸೆಲ್ ಗಾಡಿ ಓಡಿಸಿದ ಅಭ್ಯಾಸದಲ್ಲಿ 2,000 ಸುತ್ತಿನಲ್ಲಿ ಹತ್ತಿಸಲು ನೋಡುತ್ತಿದ್ದ.

"ಸರಿ, ಆ ಎರಡನೇ ಲಿವರ್ ಯಾವಾಗ ಹಾಕ್ತೀಯಾ?" ಅಂತ ಕೇಳಿದೆ.

"ಫೋರ್ ಬೈ ಫೋರಾ? ಕೆಸರಲ್ಲಿ ಸಿಕ್ಕಾಕಿಕೊಂಡ್ರೆ ಹಾಕ್ತೀನಿ ಅಣ್ಣ."

ಇದೇ ನೋಡಿ ವಿಷಯ. ನಾನು ನೋಡಿದ ಹೆಚ್ಚಿನವರು ಆ ಲಿವರನ್ನು ಕೆಸರಿನ ಲಿವರ್ ಅಂದುಕೊಂಡಿದ್ದಾರೆ. ಆ ಲಿವರ್ ಇರೋದು ಟ್ರಾನ್ಸ್‌ಫರ್ ಕೇಸಿಗೆ, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆಗೆ. ಜಿಪ್ಸಿಯಲ್ಲಿ ಅದರ ಗೇರ್ ಅನುಪಾತ ಹೈ ಅಂದರೆ 1.409, ಲೋ ಅಂದರೆ 2.268. ಹೈನಿಂದ ಲೋಗೆ ಎಳೆದ ಕೂಡಲೇ ಚಕ್ರಕ್ಕೆ ಸಿಗುವ ಎಳೆತ ಶೇಕಡ 60ರಷ್ಟು ಜಾಸ್ತಿ ಆಗುತ್ತದೆ. ಹಳೆಯ ಮಹೀಂದ್ರಾ ಜೀಪಿನಲ್ಲಿ ಹತ್ತಿರ ಎರಡೂವರೆ ಪಟ್ಟು. ವೇಗ ಅಷ್ಟೇ ಪಾಲು ಕಡಿಮೆಯಾಗುತ್ತದೆ ನಿಜ, ಆದರೆ ಕಲ್ಲಿನ ಏರಿನಲ್ಲಿ ಯಾರಿಗೆ ವೇಗ ಬೇಕು? ಎಳೆತ ಶೇಕಡ 60 ಜಾಸ್ತಿ ಮಾಡಿಕೊಡುವ ಫಿಲ್ಟರು, ಸೈಲೆನ್ಸರು ಈ ಇಪ್ಪತ್ತು ವರ್ಷದಲ್ಲಿ ನನ್ನ ಗ್ಯಾರೇಜಿಗೆ ಬಂದಿಲ್ಲ.

ಅದೇ ಏರಿಗೆ ವಾಪಸ್ ಹೋದೆವು. ಮೊದಲು ಕೆಳಗಿಳಿಸಿ ಮುಂದಿನ ಚಕ್ರದ ಹಬ್ ತೋರಿಸಿದೆ. ಜಿಪ್ಸಿಯಲ್ಲಿ ಅದನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಅದು ಫ್ರೀಯಲ್ಲಿದ್ದರೆ ನೀವು ಒಳಗೆ ಎಷ್ಟು ಲಿವರ್ ಎಳೆದರೂ ಮುಂದಿನ ಚಕ್ರ ಸುಮ್ನೆ ಉರುಳುತ್ತದೆ. ಹುಡುಗ ಒಂದು ವರ್ಷದಿಂದ ಅದನ್ನು ಮುಟ್ಟಿರಲಿಲ್ಲ. ಹಬ್ ಲಾಕ್, ಫೋರ್ ಲೋ, ಎರಡನೇ ಗೇರು. ಆಕ್ಸಲರೇಟರ್ ತುಳಿದು ಹಿಡಿಯಲು ಹೇಳಿದೆ, ಕ್ಲಚ್ ಮೇಲೆ ಕಾಲಿಡಬೇಡ ಅಂದೆ. ಗಾಡಿ ಎಮ್ಮೆ ಗದ್ದೆ ಏರಿದ ಹಾಗೆ ನಿಧಾನಕ್ಕೆ ಹತ್ತಿಹೋಯಿತು. ಅವನಿಂದ ಆ ದಿನ ನಾನು ತಗೊಂಡಿದ್ದು ಊಟದ ದುಡ್ಡು. ನನ್ನ ಹೆಂಡತಿಗೆ ಇದು ಇವತ್ತಿಗೂ ಸಮಾಧಾನವಿಲ್ಲ.

ಹಾಗಂತ ಎಲ್ಲವೂ ಡ್ರೈವರ್ ತಪ್ಪಲ್ಲ. ಗಾಡಿಯಲ್ಲೇ ಶಕ್ತಿ ಸೋರಿಹೋಗುವ ಜಾಗಗಳಿವೆ. ನಮ್ಮ ಕಡೆ ಮೊದಲ ಜಾಗ ಏರ್ ಕ್ಲೀನರ್. ಫೆಬ್ರವರಿ ಮಾರ್ಚಿನಲ್ಲಿ ತೋಟದ ದಾರಿಯ ಕೆಂಪು ದೂಳು ಹಿಟ್ಟಿನ ಹಾಗೆ ಏಳುತ್ತದೆ. ಎರಡು ಜೀಪು ಹಿಂದೆಮುಂದೆ ಹೋದರೆ ಹಿಂದಿನದರ ಫಿಲ್ಟರ್ ವಾರದಲ್ಲಿ ಕಟ್ಟಿಕೊಳ್ಳುತ್ತದೆ. ಒಮ್ಮೆ ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಜೀಪೊಂದು ಬಂತು. ಸ್ಟಾರ್ಟ್ ಆಗುತ್ತದೆ, ಎಳೆಯಲ್ಲ. ಏರ್ ಕ್ಲೀನರ್ ಬಿಚ್ಚಿದರೆ ಒಳಗೆ ಇಲಿ ಗೂಡು. ಹರಿದ ಗೋಣಿಚೀಲದ ನಾರು, ಅದರೊಳಗೆ ಎರಡು ಹಿಡಿಯಷ್ಟು ಕಾಫಿ ಬೀಜ, ಸಿಪ್ಪೆ ಸುಲಿದು ಜೋಡಿಸಿಟ್ಟಿತ್ತು. ನಮ್ಮ ಹುಡುಗ "ಅಣ್ಣ, ಇದು ಪ್ಲಾಂಟರ್ ಇಲಿ" ಅಂದ.

ಕ್ಲಚ್ ನೋಡಲು ಸುಲಭದ ದಾರಿ ಇದೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಕಾಲಿನ ಬ್ರೇಕೂ ಒತ್ತಿ, ಟಾಪ್ ಗೇರ್ ಹಾಕಿ ನಿಧಾನಕ್ಕೆ ಕ್ಲಚ್ ಬಿಡಿ. ಎಂಜಿನ್ ತಕ್ಷಣ ಆಫ್ ಆಗಬೇಕು. ಆಗದೆ ಗುರ್ ಅಂತ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ, ಎಂಜಿನ್ನಿನ ಶಕ್ತಿ ಅಲ್ಲೇ ಬಿಸಿಯಾಗಿ ಹೋಗುತ್ತಿದೆ. ಪದೇ ಪದೇ ಮಾಡಬೇಡಿ, ಒಂದು ಸಲ ಸಾಕು. ಇನ್ನೊಂದು, ಬ್ರೇಕ್ ಹಿಡಿದುಕೊಂಡೇ ಓಡುವುದು. ಸ್ವಲ್ಪ ದೂರ ಓಡಿಸಿ ಇಳಿದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಕಾವಲಿಯ ಹಾಗೆ ಕಾದಿದ್ದರೆ ಕಳ್ಳ ಅಲ್ಲೇ ಇದ್ದಾನೆ.

2016ರಲ್ಲಿ ಗಿರಾಕಿಗಳು ಕೆಲವರು ಲಡಾಖ್‌ಗೆ ಹೊರಟರು, ನನ್ನನ್ನೂ ಮೆಕ್ಯಾನಿಕ್ ಅಂತ ಕರೆದೊಯ್ದರು. ಮೂರು ಗಾಡಿ. ಒಂದು ಟರ್ಬೋ ಡೀಸೆಲ್ ಮಹೀಂದ್ರಾ ಥಾರ್, ಒಂದು ಎಂಪಿಎಫ್‌ಐ ಜಿಪ್ಸಿ, ಇನ್ನೊಂದು ಹಳೆಯ ಕಾರ್ಬೊರೇಟರ್ ಜಿಪ್ಸಿ. ಮನಾಲಿಯಿಂದ ಲೇಹ್ ದಾರಿಯಲ್ಲಿ ಗಾಟಾ ಲೂಪ್ಸ್ ಅಂತ 21 ತಿರುವುಗಳ ಏರು ಬರುತ್ತದೆ. ಅಲ್ಲೇ ಮೂರೂ ಗಾಡಿಗಳ ಗುಣ ಬೇರೆಬೇರೆ ಅಂತ ಗೊತ್ತಾಯಿತು.

ಕಾರ್ಬೊರೇಟರ್ ಗಾಡಿ ಎಲ್ಲಕ್ಕಿಂತ ಮೊದಲು ಸೋತಿತು. ಕಾರ್ಬೊರೇಟರಿಗೆ ಗಾಳಿ ತೆಳುವಾದದ್ದು ಗೊತ್ತಾಗುವುದಿಲ್ಲ, ಪೆಟ್ರೋಲನ್ನು ಮಾತ್ರ ಸುರಿಯುತ್ತಲೇ ಇರುತ್ತದೆ. ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ, ಪ್ಲಗ್ ಬಿಚ್ಚಿದರೆ ಮಸಿ. ಪೆಟ್ರೋಲ್ ಕಡಿಮೆ ಬಿಡುವ ಚಿಕ್ಕ ಮೇನ್ ಜೆಟ್ ಊರಿನಿಂದಲೇ ತಂದಿದ್ದೆ. ಅದನ್ನು ಹಾಕಿದ ಮೇಲೆ ಸ್ವಲ್ಪ ಉಸಿರು ಬಂತು. ಎಂಪಿಎಫ್‌ಐ ಗಾಡಿಯಲ್ಲಿ ಸೆನ್ಸರ್ ಗಾಳಿಯ ಒತ್ತಡ ಅಳೆದು ಪೆಟ್ರೋಲ್ ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಅದು ಮಸಿ ಕಟ್ಟಲಿಲ್ಲ, ಆದರೆ ಶಕ್ತಿ ಅದಕ್ಕೂ ಇರಲಿಲ್ಲ. ಥಾರ್ ಮಾತ್ರ ಟರ್ಬೋ ಹಾಡುವಷ್ಟು ಹೊತ್ತು ಹಾಯಾಗಿತ್ತು. ಕೈತಿರುವಿನಲ್ಲಿ ಎಂಜಿನ್ನಿನ ಸುತ್ತು ಇಳಿದರೆ ಅದೂ ಕಲ್ಲು. ತೆಳು ಗಾಳಿಯಲ್ಲಿ ಟರ್ಬೋ ಏಳಲು ಇನ್ನೂ ಹೊತ್ತು ಹಿಡಿಯುತ್ತದೆ. ಹಾಗಾಗಿ ತಿರುವಿಗೆ ಮೊದಲೇ ಗೇರ್ ಇಳಿಸಬೇಕು, ತಿರುವಿನಲ್ಲಿ ಅಲ್ಲ.

ಲೇಹ್ ದಾಟಿದ ಮೇಲೆ ಬರುವ ಖರ್ದುಂಗ್ ಲಾ ಕಣಿವೆದಾರಿಯ ಮೇಲೆ ಆಗ ಬೋರ್ಡಿನಲ್ಲಿ ಬರೆದಿದ್ದ ಎತ್ತರ 18,380 ಅಡಿ. ಅಳತೆ ಮಾಡಿದವರ ಲೆಕ್ಕ 5,359 ಮೀಟರ್, ಅಂದರೆ 17,582 ಅಡಿ. ಎರಡರಲ್ಲಿ ಯಾವುದಾದರೂ ಸರಿ, ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಅಲ್ಲಿ ಹಳೆ ಜಿಪ್ಸಿ ಕುದಿಯಿತು. ಅಷ್ಟು ಎತ್ತರದಲ್ಲಿ ನೀರು 82, 83 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಟ್ಟರೆ ತೊಂದರೆಯಿಲ್ಲ. ಈ ಗಾಡಿಯ ಮುಚ್ಚಳದ ರಬ್ಬರ್ ಒಣಗಿ ಬಿರಿದಿತ್ತು. ಊರಲ್ಲಿ ಅದು ವರ್ಷಗಟ್ಟಲೆ ನಡೆದಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ. ಎಂಜಿನ್ ಆರುವ ತನಕ ಕಾದು, ಥಾರ್ ಡಿಕ್ಕಿಯಲ್ಲಿದ್ದ ಸ್ಪೇರ್ ಮುಚ್ಚಳ ಹುಡುಕಿ ಹಾಕಿ, ನಾಲ್ಕು ಹೋಸ್ ಕ್ಲಿಪ್ ಬಿಗಿ ಮಾಡುವಷ್ಟರಲ್ಲಿ ನನಗೇ ಪಿಕಪ್ ಹೋಗಿತ್ತು. ಕಲ್ಲಿನ ಮೇಲೆ ಕೂತು ಬಾಯಿ ತೆರೆದು ಉಸಿರಾಡಿದೆ. ಆ ಗೌಡರ ಜೀಪಿಗೆ ನಾನು ಏನು ಮಾಡಿದ್ದೆ ಅಂತ ಸರಿಯಾಗಿ ಅರ್ಥವಾಗಿದ್ದು ಅವತ್ತೇ.

ಚಿಪ್ ಟ್ಯೂನಿಂಗ್, ಅಂದರೆ ಎಂಜಿನ್ನಿನ ಕಂಪ್ಯೂಟರ್ ಪ್ರೋಗ್ರಾಮು ಬದಲಿಸುವುದು, ಅದರ ಬಗ್ಗೆ ಕೇಳುವವರು ಈಗ ಜಾಸ್ತಿ. ಸುಳ್ಳು ಅನ್ನಲ್ಲ. ಟರ್ಬೋ ಡೀಸೆಲ್ಲಿನಲ್ಲಿ ಅದನ್ನು ಬದಲಿಸಿದರೆ ಬಯಲಿನಲ್ಲಿ ಶಕ್ತಿ ಏರುವುದು ನಿಜ. ಆದರೆ ಎತ್ತರದಲ್ಲಿ ಅದೇ ಒತ್ತಡಕ್ಕೆ ಟರ್ಬೋ ಇನ್ನೂ ಜೋರಾಗಿ ತಿರುಗಬೇಕು, ಬಿಸಿಯೂ ಏರುತ್ತದೆ. ಕಂಪನಿಯವರ ಪ್ರೋಗ್ರಾಮು ಅದಕ್ಕೇ ಅಲ್ಲಿ ಶಕ್ತಿಯನ್ನು ಹಿಡಿದಿಡುತ್ತದೆ. ಆ ಹಿಡಿತ ಬಿಡಿಸಿಕೊಂಡು ಬೆಟ್ಟ ಹತ್ತುವುದು ನನ್ನ ಸ್ಕ್ರೂ ಕಥೆಯ ಎರಡನೇ ಭಾಗ. ವಾರಂಟಿ ಹೋಗುತ್ತದೆ. ಎಂಜಿನ್ನೇ ಬದಲಿಸುತ್ತೇನೆ ಅನ್ನುವವರಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಆರ್‌ಟಿಓ ಒಪ್ಪಿಗೆ ಬೇಕು. ಇಷ್ಟು ಹೇಳಿದ ಮೇಲೂ ಬೇಕು ಅಂದರೆ ಬೇರೆ ಗ್ಯಾರೇಜು ತೋರಿಸುತ್ತೇನೆ.

ಮೊನ್ನೆ ಭಾನುವಾರ ಊಟಕ್ಕೆ ಕೂತಿದ್ದೆ. ಬಾಬಾಬುಡನ್‌ಗಿರಿ ಕಡೆಯಿಂದ ಫೋನ್ ಬಂತು. ತೋಟದ ಜೀಪು, ಆರು ಜನ ಆಳುಗಳು, ಗೊಬ್ಬರದ ಮೂಟೆ, ಅರ್ಧ ಏರಿನಲ್ಲಿ ನಿಂತಿದೆ. "ಅಣ್ಣ, ಪಂಪು ಹೋಗಿದೆ ಅನ್ಸುತ್ತೆ, ಪಿಕಪ್ಪೇ ಇಲ್ಲ."

"ಪಂಪು ಇರ್ಲಿ. ಪಕ್ಕದಲ್ಲಿ ಇನ್ನೊಂದು ಚಿಕ್ಕ ಲಿವರ್ ಇದೆಯಲ್ಲ, ಲೋಗೆ ಎಳಿ."

ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಬರೀ ಮುಕ್ಕರಿಯುವ ಸದ್ದು.

"ಬರ್ತಾ ಇಲ್ಲ ಅಣ್ಣ. ಗಟ್ಟಿಯಾಗಿ ಹಿಡ್ಕೊಂಡಿದೆ."

"ಕೊನೆಗೆ ಯಾವಾಗ ಹಾಕಿದ್ದೆ?"

"ನಾನು ಇಲ್ಲಿ ಸೇರಿ ಮೂರು ವರ್ಷ ಆಯ್ತು. ಹಾಕಿಲ್ಲ."

ಕೈ ತೊಳೆದು, ತುಕ್ಕು ಬಿಡಿಸುವ ಎಣ್ಣೆ ಡಬ್ಬಿ, ಒಂದು ಸುತ್ತಿಗೆ ತಗೊಂಡು ಹೊರಟೆ.