ಕಾಕಾನ ಮನೆಯ ಆಮೆಗಳು, ಆರನೇ ವಾರ: ಗುಲಾಬಿ ಚುಕ್ಕೆ ಸಿಕ್ಕಿತು

ಈ ವಾರವೆಲ್ಲ ಗುಲಾಬಿ ಚುಕ್ಕೆಗಳ ಹಿಂದೆಯೇ ಹೋಯಿತು.

ಹೊಸದಾಗಿ ಓದುವವರಿಗೆ: ಕಲಬುರಗಿಯಲ್ಲಿ ನಮ್ಮ ಕಾಕಾನ ಮನೆಯಲ್ಲಿ ಎರಡು ಆಮೆಗಳಿವೆ, ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುತ್ತಲ್ಲ, ಆ ಅಮೆರಿಕದ ಜಾತಿ. ನಮ್ಮ ನಕ್ಷತ್ರ ಆಮೆ ಸಾಕುವುದು ಕಾನೂನಿನ ಪ್ರಕಾರ ಅಪರಾಧ, ಆ ಗೊಡವೆಗೆ ನಾನಿಲ್ಲ. ಇವುಗಳ ಚಿಪ್ಪು, ಬಾಲದ ಬುಡ, ಟಬ್ಬಿನ ನೀರಿನಲ್ಲಿ ಯಾವ ಯೀಸ್ಟ್ (ಒಂದೇ ಕೋಶದ ಶಿಲೀಂಧ್ರ) ಇದೆ ಅಂತ ನೋಡುತ್ತಿದ್ದೇನೆ. ಪ್ಲೇಟ್ ಕೆಲಸ, ಅಂದರೆ ಅಗರ್ ಅನ್ನುವ ಜೆಲ್ಲಿ ಹಾಕಿದ ತಟ್ಟೆಯಲ್ಲಿ ಯೀಸ್ಟ್ ಬೆಳೆಸಿ ಚುಕ್ಕೆ ನೋಡುವುದು, ಎಲ್ಲ ನಾನಿರುವ ಕಾಲೇಜಿನ ಲ್ಯಾಬಿನಲ್ಲೇ, ಮನೆಯಲ್ಲಲ್ಲ.

ಮೊದಲ ಸಲದ ಪ್ಲೇಟುಗಳೆಲ್ಲ ಹಾಳಾಗಿದ್ದವು. ಬ್ಯಾಕ್ಟೀರಿಯಾ ತಡೆಯುವ ಕ್ಲೋರಾಂಫೆನಿಕಾಲ್ ಹಾಕದೆ ಸುಮ್ನೆ ಸಬೊರಾಡ್ ಅಗರ್ (ಶಿಲೀಂಧ್ರ ಬೆಳೆಸುವ ಅಗರ್) ಮಾಡಿದ್ದೆ, ಎರಡನೇ ದಿನಕ್ಕೇ ಬ್ಯಾಕ್ಟೀರಿಯಾ ಹರಡಿ ಯೀಸ್ಟ್‌ಗೆ ಜಾಗವೇ ಉಳಿಯಲಿಲ್ಲ. ಆ ಔಷಧ ಹಾಕಿದ ಮೇಲೆ ಬಿಸಿಲಿನ ಕಾಟ. ಹೊರಗೆ 42 ಡಿಗ್ರಿ, ಕರೆಂಟ್ ಹೋದರೆ ಪ್ಲೇಟುಗಳನ್ನು ಹದವಾದ ಬಿಸಿಯಲ್ಲಿಡುವ ಇನ್‌ಕ್ಯುಬೇಟರಿಗಿಂತ ಕೋಣೆಯೇ ಜಾಸ್ತಿ ಬಿಸಿ, ಅಗರ್ ಒಣಗಿ ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಟ್ಟಿತು. ಈಗ ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಹತ್ತಿ ಇಟ್ಟು, ಅದರೊಳಗೆ ಪ್ಲೇಟ್ ಇಡುತ್ತೇನೆ. ಐದು ದಿನ ಚೆನ್ನಾಗಿ ಉಳಿಯುತ್ತವೆ.

ಇನ್ನು ಆ ಚುಕ್ಕೆಗಳು. ಮೂರನೇ ದಿನ ಚಿಪ್ಪಿನ ಪ್ಲೇಟಿನಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡವು, ಕಿತ್ತಳೆ ಛಾಯೆಯ ಗುಲಾಬಿ ಬಣ್ಣ, ಎಣ್ಣೆ ಸವರಿದಂಥ ಹೊಳಪು, ಲೂಪ್ (ತುದಿಯಲ್ಲಿ ಉಂಗುರವಿರುವ ತಂತಿ) ತಾಗಿಸಿದರೆ ಲೋಳೆ. ಬಚ್ಚಲಿನ ಗೋಡೆಗೂ ಇಂಥದೇ ಗುಲಾಬಿ ಜಿಡ್ಡು ಹತ್ತುತ್ತದೆ ಅಂತ ಕಾಕು ಹೇಳಿದಾಗ ನನಗೆ ಅನುಮಾನ ಬಂತು, ಯಾಕೆಂದರೆ ಸೆರೇಷಿಯಾ ಅನ್ನುವ ಬ್ಯಾಕ್ಟೀರಿಯಾವೂ ಅದೇ ಬಣ್ಣ ಬಿಡುತ್ತದೆ. ಕೋಶ ಎದ್ದು ಕಾಣಲು ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ದಪ್ಪ ದಪ್ಪ, ಮೊಟ್ಟೆಯಾಕಾರದ ನೇರಳೆ ಕೋಶಗಳು, ಕೆಲವಕ್ಕೆ ಪಕ್ಕದಲ್ಲಿ ಪುಟ್ಟ ಮೊಗ್ಗು! ಸೆರೇಷಿಯಾ ಇಷ್ಟು ದೊಡ್ಡದಿರುವುದಿಲ್ಲ, ಮೊಗ್ಗೂ ಬಿಡುವುದಿಲ್ಲ. ಆಮೇಲೆ ಯೂರಿಯಾ ಅಗರ್ ಕೂಡ ಬಣ್ಣ ತಿರುಗಿತು, ಅಂದರೆ ಇದು ಯೂರಿಯಾ ಒಡೆಯುತ್ತದೆ, ರೋಡೋಟೊರುಲಾ ಅನ್ನುವ ಯೀಸ್ಟ್ ಹಾಗೇ ಮಾಡುತ್ತದೆ. ಇದು ರೋಡೋಟೊರುಲಾ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. ಗಾಳಿ, ಮಣ್ಣು, ನೀರು ಎಲ್ಲ ಕಡೆ ಇರುವ ಯೀಸ್ಟ್, ಬಣ್ಣ ಕೊಡುವುದು ಅದರೊಳಗಿನ ಕ್ಯಾರೊಟಿನಾಯ್ಡ್, ಗಜ್ಜರಿಗೆ ಬಣ್ಣ ಕೊಡುವ ಜಾತಿಯದೇ ವಸ್ತು.

ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಆಮೆಗಳು ಬಿಸಿಲು ಕಾಯಲು ಹತ್ತುವ ಇಟ್ಟಿಗೆ ಇದೆಯಲ್ಲ, ಅದರ ಪ್ಲೇಟಿನಲ್ಲೇ ಎಲ್ಲಕ್ಕಿಂತ ಜಾಸ್ತಿ ಗುಲಾಬಿ. ಕಾಕಾನ ಓಣಿಯಲ್ಲಿ ನಳ ಬರುವ ದಿನ ಮಾತ್ರ ಟಬ್ ನೀರು ಬದಲಾಗುತ್ತದೆ. ಅದರ ಹಿಂದಿನ ದಿನ ಚಿಪ್ಪಿನಿಂದ 11 ಚುಕ್ಕೆ ಬಂದಿದ್ದವು, ಟಬ್ಬು, ಇಟ್ಟಿಗೆ ತಿಕ್ಕಿ ತೊಳೆದ ಮರುದಿನ 3. ಅಂದರೆ ಆಮೆಗಳು ಯೀಸ್ಟ್ ತಂದು ಹರಡುತ್ತಿಲ್ಲ, ಟಬ್ಬಿನದು ಅವುಗಳ ಮೈಗೆ ಹತ್ತುತ್ತಿದೆ ಅನ್ನಿಸುತ್ತದೆ. ಎರಡೂ ಚೆನ್ನಾಗಿ ತಿನ್ನುತ್ತಿವೆ, ಚಿಪ್ಪು ಗಟ್ಟಿಯಾಗಿದೆ. ಯೀಸ್ಟ್ ಸಿಕ್ಕಿತು ಅಂದರೆ ರೋಗ ಅಂತಲ್ಲ.

ಕಾಕು ಟಬ್ಬನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುತ್ತಿದ್ದರು, ಅದನ್ನು ಬಿಡಿಸಿದ್ದೇನೆ. ಯೀಸ್ಟ್‌ಗಾಗಿ ಅಲ್ಲ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಾಗಿ. ಚೆನ್ನಾಗಿರುವ ಆಮೆಯ ಮೈಮೇಲೂ ಅದು ಇರಬಹುದು, ಅಮೆರಿಕದಲ್ಲಿ 4 ಇಂಚಿಗಿಂತ ಸಣ್ಣ ಆಮೆ ಮಾರುವುದನ್ನು 1975ರಲ್ಲೇ ನಿಷೇಧಿಸಿದ್ದು ಇದಕ್ಕೇ. ಈಗ ಮಕ್ಕಳು ಆಮೆ ಮುಟ್ಟಿದರೆ ಕಾಕುವೇ, "ಮೊದಲ ಕೈ ತೊಳಕೊ, ಆಮ್ಯಾಲೆ ರೊಟ್ಟಿ" ಅನ್ನುತ್ತಾರೆ.

ಬಾಲದ ಬುಡದ ಪ್ಲೇಟಿನಲ್ಲಿ ಎರಡು ಬಿಳಿ ಚುಕ್ಕೆ ಉಳಿದಿವೆ. ಸೀರಂನಲ್ಲಿ (ರಕ್ತದ ತಿಳಿ ದ್ರವ) 37 ಡಿಗ್ರಿಗೆ ಎರಡೂವರೆ ಗಂಟೆ ಇಟ್ಟರೂ ಮೊಳಕೆ ಬರಲಿಲ್ಲ, ಹಾಗಾಗಿ ಹೀಗೆ ಮೊಳಕೆ ಬಿಡುವ ಯೀಸ್ಟ್ ಕ್ಯಾಂಡಿಡಾ ಅಲ್ಬಿಕನ್ಸ್ ಆಗಿರಲಿಕ್ಕಿಲ್ಲ. ಯಾವ ಸಕ್ಕರೆ ಬಳಸುತ್ತದೆ ಅನ್ನುವುದರಿಂದ ಯೀಸ್ಟ್ ಗುರುತಿಸುವ ಸಕ್ಕರೆ ಪರೀಕ್ಷೆ ಸೋಮವಾರ ಶುರು ಮಾಡುತ್ತೇನೆ.